ಶಾಲೆಯ ಸಂಸ್ಕರಿತ ನೀರನ್ನು ಹಳ್ಳಕ್ಕೆ ಬಿಡಲು ಸಮ್ಮತಿ ಪಡೆದ ಬಗೆ

ಸೇಡಂ ಭಾಗದ ಒಂದು ವಸತಿ ಶಾಲೆಯ ಆಡಳಿತ ನೋಡಿಕೊಳ್ಳುವ ನನಗೆ, ಶಾಲೆಯ ಕೊಳಚೆ ನೀರನ್ನು ಸಂಸ್ಕರಿಸಿ ಪಕ್ಕದ ಹಳ್ಳಕ್ಕೆ ಬಿಡಲು ಬೇಕಾದ ಕಾರ್ಯಾಚರಣೆ ಸಮ್ಮತಿ ಪತ್ರ ಕಳೆದ ತಿಂಗಳು ಕೈಸೇರಿತು. ಮೊದಲ ಅರ್ಜಿಯಿಂದ ಆ ಪತ್ರದವರೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಊರ ಹೊರಗೆ, ಒಳಚರಂಡಿ ಇಲ್ಲದ ಕಡೆ ಕಟ್ಟಿರುವ ವಸತಿ ಶಾಲೆಗಳು ಬಹಳ ಇವೆ. ಅಲ್ಲಿಯವರು ಇದೇ ದಾರಿಯಲ್ಲಿ ನಡೆಯಬೇಕಾದಾಗ ಯಾವ ಕಾಗದ ಎಲ್ಲಿ ನಿಲ್ಲುತ್ತದೆ, ಹಣ ಎಲ್ಲಿ ಹೋಗುತ್ತದೆ ಎಂಬುದು ಮೊದಲೇ ತಿಳಿದಿದ್ದರೆ ಒಳ್ಳೆಯದೆಂದು ಇದನ್ನು ಬರೆಯುತ್ತಿದ್ದೇನೆ.

ಹಳ್ಳದ ವಿಚಾರಕ್ಕೆ ನಾವು ಬಂದದ್ದು ನೆಲದ ಗುಣದಿಂದಾಗಿ. ನಮ್ಮದು ಎರೆಭೂಮಿ. ಮೊದಲಿನಿಂದಲೂ ಸೆಪ್ಟಿಕ್ ಟ್ಯಾಂಕು ಮತ್ತು ಇಂಗುಗುಂಡಿಗಳೇ ಇದ್ದವು. ಬೇಸಿಗೆಯಲ್ಲಿ ಎರೆಮಣ್ಣು ಬಿರುಕು ಬಿಟ್ಟು ನೀರನ್ನು ನುಂಗುತ್ತದೆ, ಆದರೆ ಎರಡು ಮಳೆ ಬಿದ್ದ ಕೂಡಲೇ ಉಬ್ಬಿಕೊಂಡು ಬಿರುಕುಗಳೆಲ್ಲ ಮುಚ್ಚಿ, ಗುಂಡಿಯ ನೀರು ಎಲ್ಲಿಗೂ ಹೋಗದೆ ಮೇಲಕ್ಕೆ ಉಕ್ಕುತ್ತದೆ. ಮಳೆಗಾಲದುದ್ದಕ್ಕೂ ಟ್ಯಾಂಕರ್ ಕರೆಸಿ ಹೀರಿಸುತ್ತಿದ್ದೆವು, ಆ ಟ್ಯಾಂಕರ್ ಅದನ್ನು ಎಲ್ಲಿ ಚೆಲ್ಲುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಹೊಸ ಹಾಸ್ಟೆಲ್ ಕಟ್ಟಡದ ಯೋಜನೆ ಬಂದಾಗ ಮಕ್ಕಳ ಸಂಖ್ಯೆ 400ಕ್ಕೆ ಏರುವುದು ಖಚಿತವಾಯಿತು, ಗುಂಡಿ ತೋಡುವ ಉಪಾಯಕ್ಕೆ ಅಲ್ಲಿಗೆ ತೆರೆ ಬಿತ್ತು. ಸಂಸ್ಕರಣಾ ಘಟಕ ಕಟ್ಟುವುದು, ಬಳಸಿ ಉಳಿದ ನೀರನ್ನು ಕಾಂಪೌಂಡಿನ ಹಿಂದೆ ಹರಿದು ಮುಂದೆ ಕಾಗಿಣಾ ನದಿ ಸೇರುವ ಹಳ್ಳಕ್ಕೆ ಬಿಡುವುದು ಎಂದು ಆಡಳಿತ ಮಂಡಳಿ ತೀರ್ಮಾನಿಸಿತು.

ಶಾಲೆಗೆ ಇದೆಲ್ಲ ಅನ್ವಯಿಸುವುದಿಲ್ಲ, ಅದು ಕಾರ್ಖಾನೆಗಳಿಗಷ್ಟೇ ಎಂದು ನಮಗೆ ಹೇಳಿದವರು ಒಬ್ಬಿಬ್ಬರಲ್ಲ. 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆಯ 25ನೇ ಕಲಮನ್ನು ಓದಿದರೆ ಈ ಮಾತು ನಿಲ್ಲುವುದಿಲ್ಲ. ಕೊಳಚೆ ನೀರನ್ನು ಹಳ್ಳಕ್ಕಾಗಲಿ, ಬಾವಿಗಾಗಲಿ, ಚರಂಡಿಗಾಗಲಿ, ನೆಲದ ಮೇಲಾಗಲಿ ಬಿಡುವ ಸಂಭವವಿರುವ ಉದ್ಯಮವಷ್ಟೇ ಅಲ್ಲದೆ ಯಾವುದೇ ಸಂಸ್ಕರಣೆ ಮತ್ತು ವಿಲೇವಾರಿ ವ್ಯವಸ್ಥೆಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪೂರ್ವಸಮ್ಮತಿ ಬೇಕೆಂದು ಅದು ಹೇಳುತ್ತದೆ. ನಮ್ಮ ಹಳ್ಳದಲ್ಲಿ ವರ್ಷದ ಬಹುಭಾಗ ನೀರೇ ಇರುವುದಿಲ್ಲ, ಹೀಗಾಗಿ ಅದು ಹೊಳೆಯ ಲೆಕ್ಕಕ್ಕೆ ಬರುವುದಿಲ್ಲ ಎಂಬ ಇನ್ನೊಂದು ವಾದವೂ ಇತ್ತು. ಅದೇ ಕಾಯ್ದೆಯ 2ನೇ ಕಲಮಿನಲ್ಲಿ ಹರಿಯುತ್ತಿರಲಿ, ಸದ್ಯಕ್ಕೆ ಬತ್ತಿರಲಿ, ಜಲಮಾರ್ಗವೆಂದರೆ ಜಲಮಾರ್ಗವೇ ಎಂದು ಸ್ಪಷ್ಟವಾಗಿದೆ. ಆದ್ದರಿಂದ ಬತ್ತಿದ ಹಳ್ಳವೆಂದು ಪೈಪು ಎಳೆದುಬಿಡುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಈಗಲೇ ಬಿಡುವುದು ಲೇಸು.

ಸಮ್ಮತಿ ಎರಡು ಹಂತದ್ದು. ಕಟ್ಟುವ ಮೊದಲು ಸ್ಥಾಪನಾ ಸಮ್ಮತಿ, ಕಟ್ಟಿ ಮುಗಿದು ನೀರು ಬಿಡುವ ಮೊದಲು ಕಾರ್ಯಾಚರಣೆ ಸಮ್ಮತಿ. ಸ್ಥಾಪನೆಯತ್ತ ಯಾವ ಹೆಜ್ಜೆಯನ್ನೂ ಸಮ್ಮತಿಯಿಲ್ಲದೆ ಇಡಬಾರದೆಂದು ಕಾಯ್ದೆ ಹೇಳುವುದರಿಂದ, ಗುತ್ತಿಗೆದಾರರು ಎಷ್ಟೇ ಅವಸರ ಮಾಡಿದರೂ ಜೆಸಿಬಿಯನ್ನು ಆವರಣದೊಳಗೆ ಬಿಡಬೇಡಿ. ಅರ್ಜಿ ಹಾಕುವುದು ಆನ್‌ಲೈನಿನಲ್ಲಿ. ನಾವು ಲಗತ್ತಿಸಿದ್ದು ಜಮೀನಿನ ಪಹಣಿ ಮತ್ತು ನೋಂದಣಿ ಪತ್ರ, ಟ್ರಸ್ಟಿನ ಠರಾವು, ಆವರಣದ ನಕ್ಷೆ, ಘಟಕದ ವಿನ್ಯಾಸ, ನೀರಿನ ಲೆಕ್ಕ, ಗ್ರಾಮ ಪಂಚಾಯಿತಿಯ ನಿರಾಕ್ಷೇಪಣಾ ಪತ್ರ ಮತ್ತು ಬಂಡವಾಳದ ಬಗ್ಗೆ ಲೆಕ್ಕ ಪರಿಶೋಧಕರ ಪ್ರಮಾಣಪತ್ರ. ಶುಲ್ಕ ನಿಗದಿಯಾಗುವುದು ಈ ಕೊನೆಯ ಕಾಗದದ ಮೇಲೆ. ಘಟಕಕ್ಕೆ ತಗಲುವ ಖರ್ಚನ್ನಷ್ಟೇ ಬಂಡವಾಳವೆಂದು ತೋರಿಸಬಹುದೆಂದು ನಾವು ಅಂದುಕೊಂಡಿದ್ದೆವು, ಆದರೆ ನಮ್ಮ ಪ್ರಕರಣದಲ್ಲಿ ಜಮೀನು, ಕಟ್ಟಡ, ಯಂತ್ರ ಎಲ್ಲವೂ ಸೇರಿದ ಮೊತ್ತವನ್ನೇ ಲೆಕ್ಕಕ್ಕೆ ಹಿಡಿದರು. ಬಜೆಟ್ ಮಾಡುವಾಗಲೇ ಇದನ್ನು ಗಮನದಲ್ಲಿಡಿ.

ನೀರಿನ ಲೆಕ್ಕವನ್ನು ಗುತ್ತಿಗೆದಾರರಿಗೆ ಬಿಡದೆ ನೀವೇ ಒಮ್ಮೆ ಹಾಕಿ ನೋಡಿ, ಕಷ್ಟವೇನಿಲ್ಲ. ವಸತಿ ಶಾಲೆಯಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ವಿನ್ಯಾಸದ ರೂಢಿ, ಬೆಳಿಗ್ಗೆ ಬಂದು ಸಂಜೆ ಹೋಗುವ ಶಾಲೆಯಲ್ಲಿ 45 ಲೀಟರ್. ನಮ್ಮ 400 ಮಕ್ಕಳಿಗೆ 54,000 ಲೀಟರ್ ಆಯಿತು. ಅದರ ಶೇ. 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂದು ಹಿಡಿದರೆ 43,000 ಲೀಟರ್. ಸಿಬ್ಬಂದಿ ಮತ್ತು ಅಡುಗೆಯವರನ್ನೂ ಸೇರಿಸಿ ದಿನಕ್ಕೆ 50,000 ಲೀಟರ್ ಸಾಮರ್ಥ್ಯದ ಘಟಕವೆಂದು ಬರೆದುಕೊಟ್ಟೆವು.

ಇಷ್ಟರಲ್ಲಿ ಯಾರೂ ಊಹಿಸದ ಒಂದು ತೊಡಕು ಎದ್ದಿತು. ಹಳ್ಳ ನಮ್ಮ ಕಾಂಪೌಂಡಿಗೆ ತಾಗಿಯೇ ಇದೆ ಎಂದು ಎಲ್ಲರೂ ನಂಬಿದ್ದೆವು, ಗ್ರಾಮ ನಕ್ಷೆ ತೆಗೆಸಿ ಅಳೆದಾಗ ನಡುವೆ ಬೇರೆ ಸರ್ವೆ ನಂಬರಿನ ಒಂದು ಕಿರಿದಾದ ಪಟ್ಟಿ ಇರುವುದು ಗೊತ್ತಾಯಿತು. ಆ ಪಟ್ಟಿಯಲ್ಲಿ ಪೈಪು ಹೂಳಲು ಮಾಲೀಕರ ಒಪ್ಪಿಗೆ ಬೇಕು, ಪಹಣಿಯಲ್ಲಿ ನೋಡಿದರೆ ಇರುವ ಹೆಸರು ತೀರಿಕೊಂಡ ಹಿರಿಯರದು, ಪೌತಿ ಖಾತೆ ಆಗಿಲ್ಲ, ಮಕ್ಕಳಲ್ಲಿ ಪಾಲೂ ಆಗಿಲ್ಲ. ಅಣ್ಣ ತಮ್ಮಂದಿರಿಬ್ಬರೂ ಸಜ್ಜನರು, ಮನೆಗೆ ಹೋದರೆ ಚಹಾ ಕೊಟ್ಟು ಮಾತಾಡಿಸುತ್ತಿದ್ದರು, ಆದರೆ ಒಬ್ಬರು ಸಹಿ ಹಾಕಿದರೆ ಪಾಲಿನ ವಿಷಯದಲ್ಲಿ ಮುಂದೆ ತಮಗೆ ತೊಂದರೆಯಾದೀತೆಂದು ಇನ್ನೊಬ್ಬರಿಗೆ ಅಂಜಿಕೆ. ಕೊನೆಗೆ ಆ ಆಸೆ ಬಿಟ್ಟು, ರಸ್ತೆಯ ಬದಿಯಲ್ಲಿ ಸುತ್ತಿಸಿ, ಸೇತುವೆಯ ಹತ್ತಿರ ಹಳ್ಳಕ್ಕೆ ಇಳಿಸುವ ದಾರಿಯನ್ನು ಹುಡುಕಿಕೊಂಡೆವು. ಪೈಪಿನ ಉದ್ದ ಮೂರು ಪಟ್ಟಾಯಿತು, ರಸ್ತೆ ಬದಿ ಅಗೆಯುವ ಅನುಮತಿ ಮತ್ತು ಠೇವಣಿ ಬೇರೆ. ಇನ್ನು ಹಳ್ಳವಂತೂ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಮಿನಂತೆ ಸರ್ಕಾರದ ಸ್ವತ್ತು, ಅದರ ದಡದಲ್ಲಿ ಸಿಮೆಂಟಿನ ಬಾಯಿ ಕಟ್ಟಲು ಕಂದಾಯ ಇಲಾಖೆಗೂ ಬರೆದುಕೊಳ್ಳಬೇಕಾಯಿತು. ವಿನ್ಯಾಸಕ್ಕೆ ಹಣ ಕೊಡುವ ಮೊದಲು ಗ್ರಾಮ ನಕ್ಷೆ ಮತ್ತು ಪಕ್ಕದ ಸರ್ವೆ ನಂಬರುಗಳ ಪಹಣಿ ತೆಗೆಸಿ ನೋಡುವುದು ಎಲ್ಲಕ್ಕಿಂತ ಅಗ್ಗದ ಕೆಲಸ.

ಈ ಓಡಾಟ ಬಿದ್ದದ್ದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ನಮ್ಮ ವಿಭಾಗದಲ್ಲಿ ಬಿಸಿಲಿನ ಕಾರಣ ಆ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ ಎಂಬುದನ್ನು ಹೊರಗಿನಿಂದ ಬಂದ ವಿನ್ಯಾಸಕಾರರಿಗೆ ಪ್ರತಿ ಸಲವೂ ನೆನಪಿಸಬೇಕಾಗುತ್ತಿತ್ತು. ಹನ್ನೆರಡಕ್ಕೆ ಹೊರಟು ಎರಡಕ್ಕೆ ತಲುಪಿದರೆ ಬೀಗ ನೋಡಿಕೊಂಡು ಬರುವುದೇ ಸೈ.

ಗ್ರಾಮ ಪಂಚಾಯಿತಿಯ ಠರಾವಿಗೆ ಮೊದಲು ಒಂದು ಸಭೆ ನಡೆಯಿತು. ಅಲ್ಲಿ ಕೇಳಿದ್ದು ನನಗೆ ಇಡೀ ವಿಷಯವನ್ನೇ ಬೇರೆ ರೀತಿಯಲ್ಲಿ ನೋಡಲು ಕಲಿಸಿತು. ಹಳ್ಳದ ಕೆಳಗಿನ ಓಣಿಯ ಹೆಣ್ಣುಮಗಳೊಬ್ಬರು ಎದ್ದು, “ನಮ್ಮ ಎಮ್ಮಿಗೋಳು ಅದೇ ಮಡುವಿನ್ಯಾಗ ನೀರು ಕುಡಿತಾವ್ರಿ ಸರ್, ನಾಳಿ ಏನರ ಆದ್ರ ಯಾರಿಗಿ ಕೇಳ್ಬೇಕ್ರಿ?” ಎಂದರು. ನಾನು ಸಿದ್ಧಮಾಡಿಕೊಂಡು ಹೋಗಿದ್ದ ತಾಂತ್ರಿಕ ಉತ್ತರಗಳು ಆ ಪ್ರಶ್ನೆಗೆ ಸಾಲುತ್ತಿರಲಿಲ್ಲ. ಪ್ರತಿ ತಿಂಗಳ ಪರೀಕ್ಷಾ ವರದಿಯನ್ನು ಪಂಚಾಯಿತಿಯ ಫಲಕಕ್ಕೆ ಅಂಟಿಸುತ್ತೇವೆ, ಸಂಸ್ಕರಣೆ ಕೆಟ್ಟ ದಿನ ಹೊರಬಾಯಿ ಮುಚ್ಚುತ್ತೇವೆ ಎಂದು ಬರೆದುಕೊಟ್ಟ ಮೇಲೆಯೇ ಅವರು ಕುಳಿತದ್ದು. ಆಮೇಲೆ ಎದ್ದ ಹಿರಿಯ ರೈತರದು ನೇರ ಉಲ್ಟಾ ಬೇಡಿಕೆ: “ಮಳಿಗಾಲದಾಗ ನಿಮ್ಮ ನೀರು ತಗೊಂಡು ನಾವೇನು ಮಾಡ್ಬೇಕ್ರಿ? ಬ್ಯಾಸಗ್ಯಾಗ ಬಿಡ್ರಿ, ಬದನಿಕಾಯಿ ಹಚ್ತೀನಿ.” “ಕಾಕಾ, ಬ್ಯಾಸಗ್ಯಾಗ ಹುಡುಗ್ರೇ ಇರಲ್ಲ, ನೀರು ಎಲ್ಲಿಂದ ಬರಬೇಕ್ರಿ?” ಎಂದು ನಾನು ಕೇಳಿದಾಗ ಸಭೆ ನಕ್ಕಿತು, ಆದರೆ ಅವರ ಮಾತಿನಲ್ಲಿ ಇಡೀ ಸಮಸ್ಯೆಯ ತಿರುಳಿತ್ತು. ಹಳ್ಳದಲ್ಲಿ ಹರಿವಿದ್ದಾಗ ನಮ್ಮ ನೀರು ಅದರಲ್ಲಿ ಬೆರೆತು ತಿಳಿಯಾಗುತ್ತದೆ, ಆದರೆ ಆಗ ಅದು ಯಾರಿಗೂ ಬೇಡ. ಹಳ್ಳ ಬತ್ತಿದಾಗ ಎಲ್ಲರಿಗೂ ಬೇಕು, ಆದರೆ ಆಗ ಹಳ್ಳದಲ್ಲಿರುವುದು ನಮ್ಮ ನೀರೊಂದೇ, ಬೆರೆಸಲು ಬೇರೆ ಹನಿಯೂ ಇಲ್ಲ. ದಿನಕ್ಕೆ 43,000 ಲೀಟರ್ ಎಂದರೆ ಸೆಕೆಂಡಿಗೆ ಅರ್ಧ ಲೀಟರ್. ದೊಡ್ಡ ನದಿಗೆ ಅದು ಲೆಕ್ಕಕ್ಕಿಲ್ಲ, ಫೆಬ್ರವರಿ ಕಳೆದ ಮೇಲೆ ನಮ್ಮ ಹಳ್ಳದಲ್ಲಿ ಅದೇ ಇಡೀ ಹರಿವು.

ಅಧಿಕಾರಿಗಳು ನಮಗೆ ವಿಧಿಸಿದ ಮಿತಿಗಳು ಬಿಗಿಯಾಗಿರುವುದರ ಕಾರಣ ನನಗೆ ಅರ್ಥವಾದದ್ದು ಈ ಸಭೆಯ ನಂತರವೇ. ಕೇಂದ್ರ ಪರಿಸರ ಸಚಿವಾಲಯ 2017ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಮಹಾನಗರಗಳು ಮತ್ತು ಬಹುತೇಕ ರಾಜ್ಯ ರಾಜಧಾನಿಗಳ ಹೊರಗಿನ ಸಂಸ್ಕರಣಾ ಘಟಕಗಳಿಗೆ ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಾಣುಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 30 ಮಿಲಿಗ್ರಾಂ, ತೇಲುವ ಘನವಸ್ತು 100 ಮಿಲಿಗ್ರಾಂವರೆಗೆ ಇರಬಹುದು. ಗುತ್ತಿಗೆದಾರರು ಮೊದಲು ಕೊಟ್ಟ ವಿನ್ಯಾಸ ಈ ಅಂಕಿಗಳಿಗೆ ಹೊಂದುವಂಥದ್ದು. ನಮ್ಮ ಸ್ಥಾಪನಾ ಸಮ್ಮತಿಯಲ್ಲಿ ಬಂದದ್ದು ಬಿಒಡಿ 10, ಸಿಒಡಿ (ಕೊಳೆಯನ್ನು ರಾಸಾಯನಿಕವಾಗಿ ಕರಗಿಸಲು ಬೇಕಾಗುವ ಆಮ್ಲಜನಕ) 50, ತೇಲುವ ಘನವಸ್ತು 20. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಏಪ್ರಿಲಿನಲ್ಲಿ ಬಿಗಿ ಮಾನದಂಡಗಳ ಪರವಾಗಿ ಆದೇಶ ನೀಡಿದ್ದು ಒಂದು ಕಡೆಯಾದರೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಕರ್ನಾಟಕದ 17 ಕಲುಷಿತ ನದಿ ಭಾಗಗಳ ಪಟ್ಟಿಯಲ್ಲಿ ಕಾಗಿಣಾವೂ ಇದೆ, ಅದು ಮುಂದೆ ಸೇರುವ ಭೀಮೆಯೂ ಇದೆ. ಮೇಲಾಗಿ ನಮ್ಮ ಕಡೆ ಎರೆಮಣ್ಣಿನ ಕೆಳಗೆ ಸುಣ್ಣಕಲ್ಲಿನ ಪದರವಿದ್ದು, ಅದರ ಬಿರುಕುಗಳಲ್ಲಿ ಹಳ್ಳದ ನೀರು ಇಳಿದು ಬೋರ್‌ವೆಲ್ ಸೇರುವ ಭಯವಿದೆ. ಕೆಳಭಾಗದ ಕುಡಿಯುವ ನೀರಿನ ಮೂಲಗಳು ಎಷ್ಟು ದೂರದಲ್ಲಿವೆ ಎಂದು ನಕ್ಷೆಯಲ್ಲಿ ಗುರುತು ಹಾಕಿಸಿಕೊಂಡದ್ದು ಅದಕ್ಕೇ. ನೀವು ಗುತ್ತಿಗೆ ಪತ್ರಕ್ಕೆ ಸಹಿ ಹಾಕುವಾಗ ‘ಮಾನದಂಡಕ್ಕೆ ತಕ್ಕಂತೆ’ ಎಂಬ ಪದವನ್ನು ಒಪ್ಪದೆ, ಅಂಕಿಗಳನ್ನೇ ಬರೆಸಿಕೊಳ್ಳಿ.

ಸ್ಥಾಪನಾ ಸಮ್ಮತಿ ಬರುವವರೆಗಿನ ಕಾಯುವಿಕೆಯ ಬಗ್ಗೆ ಒಂದು ಮಾತು. ಅರ್ಜಿ ಹಾಕಿ 4 ತಿಂಗಳಾದರೂ ಉತ್ತರ ಬಾರದಿದ್ದರೆ ಸಮ್ಮತಿ ಸಿಕ್ಕಂತೆಯೇ ಎಂದು 25ನೇ ಕಲಮಿನಲ್ಲಿದೆ. ಇದನ್ನು ಓದಿ ಟ್ರಸ್ಟಿನವರೊಬ್ಬರು ಬಹಳ ಹುರುಪಾದರು. ಆದರೆ ಅದೇ ವಾಕ್ಯದಲ್ಲಿ, ಎಲ್ಲ ದೃಷ್ಟಿಯಿಂದಲೂ ಪೂರ್ಣವಾದ ಅರ್ಜಿ ಎಂಬ ಮಾತಿದೆ. ಒಂದು ನಕ್ಷೆಗೆ ಸಹಿ ಇಲ್ಲವೆಂದು ಪ್ರಶ್ನೆ ಬಂದರೂ ಅರ್ಜಿ ಅಪೂರ್ಣ. ಈ ಕಲಮನ್ನು ನಂಬಿ ಕೆಲಸ ಶುರುಮಾಡುವುದಕ್ಕಿಂತ ಕೇಳಿದ ವಿವರಣೆಯನ್ನು ಅದೇ ವಾರ ಕೊಡುವುದು ಕ್ಷೇಮ. ಷರತ್ತುಗಳು ತೀರ ಅನ್ಯಾಯವೆನಿಸಿದರೆ 28ನೇ ಕಲಮಿನಡಿ 30 ದಿನಗಳಲ್ಲಿ ಮೇಲ್ಮನವಿಗೆ ಅವಕಾಶವಿದೆ, ನಮಗೆ ಅದರ ಅಗತ್ಯ ಬೀಳಲಿಲ್ಲ.

ನಮಗೆ ಬಂದ ಮುಖ್ಯ ಷರತ್ತು, ಮೊದಲು ಮರುಬಳಕೆ, ಉಳಿದದ್ದು ಮಾತ್ರ ಹಳ್ಳಕ್ಕೆ ಎಂಬುದು. 135 ಲೀಟರಿನಲ್ಲಿ 45 ಲೀಟರ್ ಶೌಚಾಲಯದ ಫ್ಲಶ್‌ಗೆ ಎಂದು ವಿನ್ಯಾಸದಲ್ಲಿ ಹಿಡಿಯುತ್ತಾರೆ. ಇಡೀ ಶಾಲೆಗೆ ಸಂಸ್ಕರಿಸಿದ ನೀರಿನ ಎರಡನೆಯ ಪೈಪ್‌ಲೈನ್ ಇದ್ದಿದ್ದರೆ 18,000 ಲೀಟರ್ ಅಲ್ಲಿಯೇ ಕರಗುತ್ತಿತ್ತು. ಹಳೆಯ ಕಟ್ಟಡದ ಗೋಡೆ ಒಡೆಯುವುದು ಆಗದ ಮಾತಾದ್ದರಿಂದ 160 ಮಕ್ಕಳ ಹೊಸ ಹಾಸ್ಟೆಲಿಗೆ ಮಾತ್ರ ಜೋಡಿ ಪೈಪು ಹಾಕಿಸಿದೆವು, 7,200 ಲೀಟರ್ ಉಳಿಯಿತು. ಬೇವಿನ ಸಾಲು, ಆಟದ ಮೈದಾನದ ಅಂಚು, ಹುಲ್ಲಿನ ಮಡಿ ಇವು ಚಳಿಗಾಲದಿಂದ ಮುಂದಕ್ಕೆ ಉಳಿದ ನೀರನ್ನೆಲ್ಲ ಕುಡಿಯುತ್ತವೆ. ಹೀಗಾಗಿ ಹಳ್ಳಕ್ಕೆ ನೀರು ಹೋಗುವುದು ಬಹುಪಾಲು ಜುಲೈಯಿಂದ ಅಕ್ಟೋಬರಿನವರೆಗೆ. ಬದನೆಕಾಯಿಯ ಕಾಕಾ ಇದರಿಂದ ಸಮಾಧಾನಗೊಂಡಿಲ್ಲ, ಸಿಕ್ಕಾಗಲೆಲ್ಲ ಕೇಳುತ್ತಾರೆ.

ಕಟ್ಟುವಾಗ ನಾವು ಹಟ ಹಿಡಿದು ಬದಲಾಯಿಸಿಕೊಂಡದ್ದು ಎರಡು ಅಂಶ. ಗುತ್ತಿಗೆದಾರರ ನಕ್ಷೆ ನಗರದ ಅಪಾರ್ಟ್‌ಮೆಂಟಿನದು, ಅಲ್ಲಿ ನೀರು ದಿನವಿಡೀ ಅಷ್ಟಿಷ್ಟು ಬರುತ್ತಲೇ ಇರುತ್ತದೆ. ವಸತಿ ಶಾಲೆಯಲ್ಲಿ ಬೆಳಿಗ್ಗೆ ಎರಡು ತಾಸಿನೊಳಗೆ ಎಲ್ಲರ ಸ್ನಾನ ಮುಗಿಯಬೇಕು, ಆಮೇಲೆ ಬಟ್ಟೆ, ಆಮೇಲೆ ಮೆಸ್ಸಿನ ಪಾತ್ರೆ, ತರಗತಿ ಶುರುವಾದರೆ ನೀರು ನಿಂತೇ ಹೋಗುತ್ತದೆ. ಈ ಏರಿಳಿತವನ್ನು ತಡೆದುಕೊಳ್ಳುವ ಸಮೀಕರಣ ತೊಟ್ಟಿಯನ್ನು ದೊಡ್ಡದು ಮಾಡಿಸಿದೆವು. ಎರಡನೆಯದು ಮೆಸ್ಸಿನ ಎಣ್ಣೆ. ಎಣ್ಣೆಗಾಯಿ ಮಾಡಿದ ದಿನ ಪಾತ್ರೆ ತೊಳೆದ ನೀರನ್ನು ಬಾಟಲಿಯಲ್ಲಿ ಹಿಡಿದು ವಿನ್ಯಾಸಕಾರರ ಮೇಜಿನ ಮೇಲಿಟ್ಟ ನಂತರವೇ ಅವರು ಎಣ್ಣೆ ತಡೆಯುವ ತೊಟ್ಟಿಯನ್ನು ಅಡುಗೆಮನೆಯ ಬಾಗಿಲಿಗೇ ಪ್ರತ್ಯೇಕವಾಗಿ ಕೊಡಲು ಒಪ್ಪಿದರು. ಅದನ್ನು ವಾರಕ್ಕೊಮ್ಮೆ ಕೈಯಿಂದ ಶುಚಿ ಮಾಡಲೇಬೇಕು. ಘಟಕ, ಪೈಪು, ಜನರೇಟರಿನ ಜೋಡಣೆ ಸೇರಿ ಖರ್ಚು 30 ಲಕ್ಷದ ಹತ್ತಿರ ಬಂತು. ಮೊದಲ ಅಂದಾಜು 20 ಲಕ್ಷ ಇತ್ತು.

ಪ್ರಾಯೋಗಿಕವಾಗಿ ಓಡಿಸಿ ಮಾದರಿ ಪರೀಕ್ಷೆಗೆ ಕೊಟ್ಟಾಗ ಬಿಒಡಿ ಬೇಗ ಹಿಡಿತಕ್ಕೆ ಬಂತು, ಕಾಡಿದ್ದು ಅಮೋನಿಯಾ ಮತ್ತು ಕ್ಲೋರಿನ್. ಶಾಲೆಯ ಕೊಳಚೆಯಲ್ಲಿ ಮೂತ್ರದ ಪಾಲು ಹೆಚ್ಚು, ಅಮೋನಿಯಾ ಹೆಚ್ಚು, ಅದನ್ನು ಕರಗಿಸುವ ಸೂಕ್ಷ್ಮಾಣುಗಳಿಗೆ ಆಮ್ಲಜನಕ ಬಹಳ ಬೇಕು. ನೀರು 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ನಮ್ಮ ಬಿಸಿಲಿಗೆ ತೊಟ್ಟಿಯ ನೀರಿಗೆ ಗಾಳಿ ಊದುವ ಬ್ಲೋವರ್ ಹೆಚ್ಚು ಹೊತ್ತು ಓಡಲೇಬೇಕು, ಕರೆಂಟ್ ಬಿಲ್ ಅದಕ್ಕೆ ತಕ್ಕಂತೆ ಏರುತ್ತದೆ. ಇನ್ನು ಮಲದ ಮೂಲಕ ನೀರು ಸೇರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇಳಿಸಲೆಂದು ಆಪರೇಟರ್ ಕ್ಲೋರಿನ್ ಧಾರಾಳವಾಗಿ ಹಾಕಿದರೆ ಹಳ್ಳದ ಮೀನಿಗೆ ಕುತ್ತು. ಉಳಿಕೆ ಕ್ಲೋರಿನ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದೆಂಬ ಮಿತಿಯೂ ಇದೆ. ಪ್ರಮಾಣ ಕಡಿಮೆ ಮಾಡಿ, ಕ್ಲೋರಿನ್ ತಾಗುವ ತೊಟ್ಟಿಯಲ್ಲಿ ನೀರು ಅರ್ಧ ತಾಸು ನಿಲ್ಲುವಂತೆ ಅಡ್ಡಗೋಡೆ ಕಟ್ಟಿಸಿದ ಮೇಲೆ ಕೋಲಿಫಾರ್ಮ್, ಕ್ಲೋರಿನ್ ಎರಡೂ ಹದಕ್ಕೆ ಬಂದವು.

ಪ್ರಯೋಗಾಲಯದ ವಿಷಯದಲ್ಲಿ ಎಚ್ಚರವಿರಲಿ. ರಾಷ್ಟ್ರೀಯ ಪ್ರಯೋಗಾಲಯ ಮಾನ್ಯತಾ ಮಂಡಳಿಯ (ಎನ್‌ಎಬಿಎಲ್) ಮಾನ್ಯತೆಯ ಜೊತೆಗೆ ಪರಿಸರ ಸಂರಕ್ಷಣಾ ಕಾಯ್ದೆಯಡಿಯ ಮಾನ್ಯತೆ ಜಾರಿಯಲ್ಲಿದೆಯೇ ಎಂದು ಕೇಳಿ, ಅವಧಿ ಮುಗಿದ ದಿನಾಂಕವಿದ್ದರೆ ವರದಿ ಕೆಲಸಕ್ಕೆ ಬರುವುದಿಲ್ಲ. ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಒಂದು ದಿನದೊಳಗೆ ತಲುಪಿಸಬೇಕು. ಕೋಲಿಫಾರ್ಮಿನ ಬಾಟಲಿ ಬೇರೆ, ಅದು ಶುದ್ಧೀಕರಿಸಿದ್ದಾಗಿರಬೇಕು, ಕ್ಲೋರಿನ್ ತಟಸ್ಥಗೊಳಿಸುವ ಸೋಡಿಯಂ ಥಯೋಸಲ್ಫೇಟ್ ಅದರಲ್ಲಿರಬೇಕು. ಬಿಒಡಿ ಪರೀಕ್ಷೆಯೇ 27 ಡಿಗ್ರಿಯಲ್ಲಿ 3 ದಿನ ನಡೆಯುವಂಥದ್ದು, ನಾಳೆಯೇ ವರದಿ ಕೊಡುತ್ತೇನೆ ಎನ್ನುವವರಿಂದ ದೂರವಿರಿ. ನಮಗೆ ಅಂಥವರೂ ಸಿಕ್ಕಿದ್ದರು.

ಅಂತಿಮ ಪರಿಶೀಲನೆಗೆ ಬಂದ ಅಧಿಕಾರಿಗಳು ನೋಡಿದ್ದು ಘಟಕದ ಹೊಳಪನ್ನಲ್ಲ. ಹರಿವಿನ ಮೀಟರ್ ಎಲ್ಲಿದೆ, ಘಟಕಕ್ಕೆ ಪ್ರತ್ಯೇಕ ವಿದ್ಯುತ್ ಮೀಟರ್ ಇದೆಯೇ, ದಿನಚರಿ ಪುಸ್ತಕದಲ್ಲಿ ಬರೆದ ಯೂನಿಟ್ಟುಗಳು ಮೀಟರಿಗೆ ತಾಳೆಯಾಗುತ್ತವೆಯೇ, ಕೆಸರನ್ನು ಒಣಗಿಸಿ ಏನು ಮಾಡುತ್ತೀರಿ ಎಂಬ ಪ್ರಶ್ನೆಗಳೇ ಹೆಚ್ಚು. ಕಾನೂನು ರೀತಿಯ ಮಾದರಿ ತೆಗೆಯುವುದಾದರೆ 21ನೇ ಕಲಮಿನ ಪ್ರಕಾರ ಸಂಸ್ಥೆಯವರ ಎದುರಿಗೆ ಅದನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕು, ಜವಾಬ್ದಾರಿಯುಳ್ಳ ಒಬ್ಬರು ಆ ದಿನ ಅಲ್ಲಿರುವುದು ಅಗತ್ಯ. ಮೆಸ್ಸಿನ ಮೇಲ್ವಿಚಾರಕರನ್ನು ಕಳಿಸಿ ಕೈತೊಳೆದುಕೊಳ್ಳಬೇಡಿ.

ಇನ್ನು ರಜೆಯ ಪ್ರಶ್ನೆ. ಇದರ ಬಗ್ಗೆ ಯಾವ ಕಾಗದದಲ್ಲಿಯೂ ನಮಗೆ ಮುನ್ಸೂಚನೆ ಸಿಗಲಿಲ್ಲ, ನಮ್ಮ ಆಪರೇಟರ್ ಎತ್ತಿ ತೋರಿಸಿದ್ದು. ಬೇಸಿಗೆ ರಜೆಯಲ್ಲಿ ಮಕ್ಕಳು ಊರಿಗೆ ಹೋದರೆ ಘಟಕಕ್ಕೆ ಬರುವುದು ಕಾವಲುಗಾರರ ಮನೆಯ ನೀರಷ್ಟೇ. ಗಾಳಿ ತೊಟ್ಟಿಯ ಸೂಕ್ಷ್ಮಾಣುಗಳು ಆಹಾರವಿಲ್ಲದೆ ಸಾಯುತ್ತವೆ, ಜೂನಿನಲ್ಲಿ 400 ಮಕ್ಕಳ ನೀರು ಒಮ್ಮೆಲೇ ಬಂದಾಗ ಸಂಸ್ಕರಿಸಲು ಯಾರೂ ಇರುವುದಿಲ್ಲ. ಅದೂ ಹಳ್ಳದಲ್ಲಿ ಇನ್ನೂ ಹರಿವು ಬಾರದ ಹೊತ್ತು. ಆದ್ದರಿಂದ ರಜೆಯಲ್ಲಿ ಬ್ಲೋವರನ್ನು ದಿನಕ್ಕೆ ಕೆಲವು ತಾಸು ಬಿಟ್ಟು ಬಿಟ್ಟು ಓಡಿಸುವುದು, ಬೆಲ್ಲದ ನೀರು ಮತ್ತು ಸಗಣಿ ಬಗ್ಗಡ ಹಾಕುತ್ತಿರುವುದು, ಶಾಲೆ ತೆರೆಯುವ ಮೊದಲು ಚೆನ್ನಾಗಿ ನಡೆಯುತ್ತಿರುವ ಬೇರೊಂದು ಘಟಕದಿಂದ ಜೀವಂತ ಕೆಸರನ್ನು ಟ್ಯಾಂಕರಿನಲ್ಲಿ ತರಿಸುವುದು, ವರದಿ ಸರಿಬರುವವರೆಗೆ ಹೊರಬಾಯಿ ಮುಚ್ಚಿ ನೀರನ್ನು ಘಟಕದೊಳಗೇ ಸುತ್ತಿಸುವುದು ಎಂಬ ಕ್ರಮವನ್ನು ಬರೆದು ಅರ್ಜಿಯ ಜೊತೆಗೆ ಕೊಟ್ಟೆವು. ಪರಿಶೀಲನೆಯ ದಿನ ಹೆಚ್ಚು ಮೆಚ್ಚುಗೆ ಪಡೆದ ಕಾಗದ ಇದೊಂದೇ. ನಿಮ್ಮ ಶಾಲೆಗೆ ದಸರಾ ರಜೆ ಉದ್ದವಿದ್ದರೆ ಅದಕ್ಕೂ ಇಂಥದ್ದೇ ಕ್ರಮ ಬೇಕು.

ಸಮ್ಮತಿ ಪತ್ರ ಬಂದ ಮೇಲೆ ತಿಂಗಳ ಖರ್ಚೆಂದರೆ ಇಬ್ಬರು ಆಪರೇಟರ್‌ಗಳ ಸಂಬಳ, ವಿದ್ಯುತ್, ಕ್ಲೋರಿನ್, ಪರೀಕ್ಷಾ ಶುಲ್ಕ. ಇದಕ್ಕೆ ಬಜೆಟ್ಟಿನಲ್ಲಿ ಪ್ರತ್ಯೇಕ ಶೀರ್ಷಿಕೆ ಇಡದಿದ್ದರೆ ಮೊದಲ ಕತ್ತರಿ ಬೀಳುವುದು ಆಪರೇಟರ್ ಮೇಲೆ. ಮಾರ್ಚ್ 31ಕ್ಕೆ ಮುಗಿದ ವರ್ಷದ ಪರಿಸರ ಹೇಳಿಕೆಯನ್ನು ಫಾರಂ 5ರಲ್ಲಿ ಸೆಪ್ಟೆಂಬರ್ 30ರೊಳಗೆ ಸಲ್ಲಿಸಬೇಕು, ಸಮ್ಮತಿಯ ಅವಧಿ ಮುಗಿಯುವ ದಿನಾಂಕವನ್ನು ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಬೇಕು. ಈ ತಿಂಗಳ ವರದಿಯಲ್ಲಿ ಬಿಒಡಿ 8, ತೇಲುವ ಘನವಸ್ತು 14 ಬಂದಿದೆ, ಅಮೋನಿಯಾ ಮಿತಿಯ ಅಂಚಿನಲ್ಲಿದೆ. ಪ್ರತಿಯನ್ನು ಪಂಚಾಯಿತಿಯ ಫಲಕಕ್ಕೆ ಅಂಟಿಸಿದ್ದೇವೆ, ಬ್ಲೋವರಿನ ಸಮಯವನ್ನು ಇನ್ನೊಂದು ತಾಸು ಹೆಚ್ಚಿಸಲು ಆಪರೇಟರ್‌ಗೆ ಹೇಳಿದೆ.